ಅತ್ತೆಯ ತಾಳದ ಪೆಟ್ಟಿಗೆ

ನಮ್ಮತ್ತೆ ಮನೆಯಿಂದ ಹೊರಟದ್ದು ಉಣ್ಣೆ ಹೆಣಿಗೆ ಕಲಿಯುವುದಕ್ಕೆ. ಕೆಲಸದಿಂದ ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಕೂತು ಅವರಿಗೆ ತಲೆ ಚಿಟ್ಟು ಹಿಡಿದಿತ್ತು. ಬಡಾವಣೆಯ ಸಮುದಾಯ ಭವನದಲ್ಲಿ ವಾರಕ್ಕೊಂದು ಸಂಜೆ ಹೆಣಿಗೆ ಕ್ಲಾಸು ನಡೆಯುತ್ತದೆಂದು ಯಾರೋ ಹೇಳಿದ್ದರು. ಕಡ್ಡಿ, ಉಣ್ಣೆ ಉಂಡೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೋದರು. ವಾಪಸು ಬಂದಾಗ ಉಂಡೆ ಬಿಚ್ಚಿರಲೇ ಇಲ್ಲ. ಬಟ್ಟೆಯಿಂದ ಮಾತ್ರ ಏನೋ ಸುಟ್ಟ ವಾಸನೆ.

“ಅತ್ತೆ, ಏನ್ ಸುಟ್ಕೊಂಡ್ ಬಂದ್ರಿ?”

“ಸುಟ್ಕೊಳ್ಳೋದೇನು, ಸೋಲ್ಡರ್ ಮಾಡ್ದೆ,” ಎಂದರು ಅತ್ತೆ, ದಿನಾ ಮಾಡುವ ಕೆಲಸವೇನೋ ಎಂಬಂತೆ.

ಆದದ್ದಿಷ್ಟು. ಎಡಗಡೆಯ ಕೋಣೆಗೆ ಹೋಗುವ ಬದಲು ಅವರು ಬಲಗಡೆಯ ಕೋಣೆಗೆ ಹೋಗಿದ್ದರು. ಅಲ್ಲಿ ಪಿಯಾನೊಗಳಿಗೆ ಶ್ರುತಿ ಮಾಡುವ ಮೇಷ್ಟ್ರೊಬ್ಬರು ಎಲೆಕ್ಟ್ರಾನಿಕ್ ಬಿಡಿಭಾಗಗಳಿಂದ ಸ್ವರ ಹೊರಡಿಸುವ ಸಿಂಥಸೈಜರನ್ನು ಮನೆಯಲ್ಲೇ ಮಾಡುವುದು ಹೇಗೆಂದು ಹೇಳಿಕೊಡುತ್ತಿದ್ದರು. ಹೆಣಿಗೆ ಆಮೇಲೆ ಶುರುವಾಗಬಹುದು ಎಂದುಕೊಂಡು ಅತ್ತೆ ಕೂತೇ ಇದ್ದರು. ತಪ್ಪು ಕೋಣೆ ಎಂದು ಗೊತ್ತಾಗುವ ಹೊತ್ತಿಗೆ ಎದ್ದು ಹೋಗಲು ನಾಚಿಕೆ. ಅಷ್ಟರಲ್ಲಿ ಮೇಷ್ಟ್ರು ಅವರ ಕೈಗೊಂದು ಅಂಗೈಯಗಲದ ಬೋರ್ಡು, ನಾಲ್ಕಾರು ತಂತಿ ಕೊಟ್ಟರು. ಕೊನೆಯ ತಂತಿಗೆ ಬೆಸುಗೆ ಹಾಕಿದ್ದೇ ತಡ, ಅದು ‘ಕುಂಯ್’ ಎಂದಿತು.

“ಆ ಶಬ್ದ ನಾನೇ ಮಾಡಿದ್ದು ಕಣೇ,” ಎಂದು ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. ಅವರು ಕೆಲಸ ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಲೈನು ಬಿಡುವಾಗಿರುವ ಶಬ್ದ, ಎಂಗೇಜಾಗಿರುವ ಶಬ್ದ, ದೂರದ ಊರಿನ ಗಂಟೆಯ ಶಬ್ದ ಕೇಳುತ್ತಲೇ ಕೂದಲು ಬೆಳ್ಳಗಾಗಿತ್ತು. “ಅಷ್ಟು ವರ್ಷ ಬೇರೆಯವರು ಮಾಡಿದ್ ಶಬ್ದ ಕೇಳಿದ್ದಾಯ್ತು. ಇನ್ನು ನಾನು ಮಾಡ್ತೀನಿ, ಅವರು ಕೇಳ್ಲಿ.”

ಉಣ್ಣೆ ಉಂಡೆ ಕಪಾಟು ಸೇರಿತು. ಊಟದ ಮೇಜಿನ ಅರ್ಧಭಾಗ ಅತ್ತೆಯ ವಶವಾಯಿತು. ನಮ್ಮವರು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಒಂದು ದಿನ ಅವರು ಮೇಜಿನ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, “ಅಮ್ಮಾ, ಇದು ಗಡಿ. ಆ ಕಡೆ ನಿಂದು, ಈ ಕಡೆ ನಮ್ದು,” ಎಂದರು. ವಾರ ಕಳೆಯುವುದರೊಳಗೆ ತಂತಿಯ ಸುರುಳಿಗಳು ಗಡಿ ದಾಟಿ ಉಪ್ಪಿನ ಡಬ್ಬಿಯ ತನಕ ಬಂದವು. ಗೆರೆ ಅಳಿಸಿಹೋಯಿತು.

ಅತ್ತೆಯ ಮೊದಲ ಯಂತ್ರ ಬೆಳಕಿನ ಮೇಲೆ ನಡೆಯುವಂಥದ್ದು. ಕೈ ಅಡ್ಡ ಹಿಡಿದರೆ ಸ್ವರ ಇಳಿಯುತ್ತಿತ್ತು, ಕೈ ತೆಗೆದರೆ ಕಿರುಚುತ್ತಿತ್ತು. “ಬೆಕ್ಕಿನ ಬಾಲ ತುಳಿದ ಹಾಗಿದೆ,” ಎಂದರು ನಮ್ಮವರು. ಅದಕ್ಕೆ ಬೆಕ್ಕು ಎಂದೇ ಹೆಸರಾಯಿತು. ಅತ್ತೆಗೆ ಬೇಸರವೇನೂ ಆಗಲಿಲ್ಲ. ಆದರೆ ಬೆಕ್ಕು ಒಂದೇ ಕೂಗಿದರೆ ಏನು ಚೆಂದ, ಜೊತೆಗೆ ತಾಳ ಬೇಡವೇ ಎಂದು ಅವರು ಡ್ರಮ್ ಮಷೀನಿಗೆ ಕೈ ಹಾಕಿದರು.

ಅದು ಕಾಗದದ ಮೇಲೆ ಸುಲಭವಾಗಿಯೇ ಕಾಣುತ್ತಿತ್ತು. ಎಂಟು ಪುಟಾಣಿ ದೀಪಗಳು ಸಾಲಾಗಿ ಒಂದಾದ ಮೇಲೊಂದು ಹೊತ್ತಿಕೊಂಡು ಓಡಬೇಕು. ಪ್ರತಿ ದೀಪದ ಕೆಳಗೆ ಸ್ವಿಚ್ಚು. ಯಾವ ದೀಪದ ಸ್ವಿಚ್ಚು ಹಾಕಿರುತ್ತೇವೋ ಆ ದೀಪ ಬಂದಾಗ ಶಬ್ದ. ದೊಡ್ಡ ಡೋಲಿನದೊಂದು, ‘ಚಟ್’ ಎನ್ನುವುದೊಂದು, ‘ಟಿಸ್’ ಎನ್ನುವ ತಾಳದ್ದೊಂದು. ಆದರೆ ಬೆಸುಗೆಗಳು ಬಹಳ. ಅತ್ತೆಯ ಬೆರಳು ಸ್ವಲ್ಪ ನಡುಗುತ್ತಿತ್ತು. ಬಿಡಿಭಾಗದ ಒಂದು ಕಾಲಿಗೆ ಹಾಕಿದ ಸೋಲ್ಡರ್ ಪಕ್ಕದ ಕಾಲಿಗೂ ಅಂಟಿಕೊಳ್ಳುತ್ತಿತ್ತು. ಅದನ್ನು ಅವರು ಕೆರೆದು ತೆಗೆಯುವುದು, ಮತ್ತೆ ಹಾಕುವುದು, ಮತ್ತೆ ಅಂಟುವುದು. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. “ಕೊಡಿ ಇಲ್ಲಿ,” ಎಂದು ಅವರ ಕೈಯಿಂದ ಸೋಲ್ಡರಿಂಗ್ ಕಡ್ಡಿ ಇಸಿದುಕೊಂಡೆ.

ನಾನು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನವಿಡೀ ಮೇಣ ಕೆತ್ತುವುದು, ತಂತಿ ಬಾಗಿಸುವುದು, ಹಲ್ಲಿಗೆ ಹಲ್ಲು ಹೊಂದಿಸುವುದು. ಹಣೆಗೆ ಕಟ್ಟಿಕೊಳ್ಳುವ ಭೂತಗನ್ನಡಿ ಚೀಲದಲ್ಲೇ ಇತ್ತು. ಒಂದು ಸಾಲು ಮುಗಿಸಿ ತಲೆ ಎತ್ತಿದಾಗ ಅತ್ತೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

“ಮನೇಲೇ ಇಂಥಾ ಕೈ ಇಟ್ಕೊಂಡು ಇಷ್ಟ್ ದಿನ ಹೇಳ್ಲಿಲ್ವಲ್ಲೇ!”

“ನೀವ್ ಕೇಳ್ಲಿಲ್ವಲ್ಲ ಅತ್ತೆ.”

ಅಂದಿನಿಂದ ಯಾವುದು ಎಲ್ಲಿಗೆ ಹೋಗಬೇಕೆಂದು ಹೇಳುವುದು ಅವರ ಕೆಲಸ, ಅಂಟಿಸುವುದು ನನ್ನ ಕೆಲಸ. ಮದುವೆಯಾಗಿ ಬಂದಾಗಿನಿಂದ ನಾವಿಬ್ಬರೂ ಜಗಳವಾಡಿದವರಲ್ಲ, ಹಾಗೆಂದು ಹರಟಿದವರೂ ಅಲ್ಲ. ಈಗ ಮಾತಿಗೆ ಕೊನೆಯೇ ಇಲ್ಲ. ತಿರುಗಿಸುವುದಕ್ಕೆ ಗುಬುಟುಗಳು ಬೇಕಾದಾಗ ಲ್ಯಾಬಿನ ಯಜಮಾನರನ್ನು ಕೇಳಿ, ಅಲ್ಲಿ ಉಳಿದ ಅಕ್ರಿಲಿಕ್‌ನಲ್ಲಿ ನಾನೇ ಎರಕ ಹೊಯ್ದು ತಂದೆ. ಕಟ್ಟುಹಲ್ಲಿನ ಒಸಡಿಗೆ ಬಳಸುವ ಗುಲಾಬಿ ಬಣ್ಣ. ನಮ್ಮವರು ಒಂದನ್ನು ಮುಟ್ಟಿ ನೋಡಿ, “ತಿರುಗಿಸೋಕೆ ಭಯ ಆಗತ್ತಪ್ಪ, ಕಚ್ಚಿಬಿಟ್ರೆ?” ಎಂದರು.

ದೀಪಗಳು ಓಡಿದವು. ‘ಟಿಸ್’ ಬಂತು. ‘ಚಟ್’ ಕೂಡ ಹಾಗೂ ಹೀಗೂ ಬಂತು. ದೊಡ್ಡ ಡೋಲು ಮಾತ್ರ ಬರಲಿಲ್ಲ. ಪ್ಲಾಸ್ಟಿಕ್ ಬಕೆಟ್ಟಿಗೆ ಬಡಿದ ಹಾಗೆ ‘ಟೊಕ್’ ಎನ್ನುತ್ತಿತ್ತು. ಕ್ಲಾಸಿನ ಮೇಷ್ಟ್ರು ಕೆಪಾಸಿಟರ್ ಬದಲಾಯಿಸಿ ನೋಡಿ ಎಂದರು. ಬದಲಾಯಿಸಿದೆವು. ‘ಟೊಕ್’ ಹೋಗಿ ‘ಟುಕ್’ ಆಯಿತು. ಅತ್ತೆ ಊಟ ಮಾಡುವಾಗಲೂ ಬೆರಳಲ್ಲಿ ತಟ್ಟೆಯ ಅಂಚು ತಟ್ಟುತ್ತ ಯೋಚಿಸುತ್ತಿದ್ದರು. ಕೊನೆಗೊಂದು ದಿನ ಅವರಿಗೆ ಹೊಳೆಯಿತು. “ಅಲ್ಲ ಕಣೇ, ಡೋಲು ಸರಿಯಾಗೇ ಇದೆ. ಸ್ಪೀಕರ್ ಬಿಸ್ಕತ್ತಿನಷ್ಟಿದೆ. ಅದರ ಬಾಯಿಂದ ಅಷ್ಟು ದೊಡ್ಡ ಶಬ್ದ ಹೊರಗೆ ಬರೋದಾದ್ರೂ ಹೇಗೆ?”

ಗುಜರಿ ಅಂಗಡಿಯಲ್ಲಿ ಮುಚ್ಚಿಹೋದ ಚಿತ್ರಮಂದಿರದ ಸ್ಪೀಕರ್ ಸಿಕ್ಕಿತು. ಸಣ್ಣ ಬೀರುವಿನಷ್ಟಿತ್ತು. ನಮ್ಮವರು ಅದನ್ನು ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸಿದರು. ಕೆಳಗಿಳಿಸಿ, ಸೊಂಟ ಹಿಡಿದುಕೊಂಡು, “ಅಮ್ಮಾ, ಹೆಣಿಗೆಗೆ ಏನಾಗಿತ್ತು?” ಎಂದಷ್ಟೇ ಕೇಳಿ ಹೋಗಿ ಮಲಗಿದರು.

ಮಾರನೆಯ ದಿನ ಮಧ್ಯಾಹ್ನ ನನಗೆ ರಜೆ. ತಂತಿ ಸೇರಿಸಿದೆ. ಅತ್ತೆ ಗುಲಾಬಿ ಗುಬುಟನ್ನು ಮೆಲ್ಲಗೆ ತಿರುಗಿಸಿದರು. ಶಬ್ದ ಕಿವಿಗೆ ಬರುವ ಮೊದಲು ಅಂಗಾಲಿಗೆ ಬಂತು. ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇನ್ನಷ್ಟು ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಬಾಗಿಲನ್ನೂ ಯಾರೋ ಅದೇ ತಾಳಕ್ಕೆ ಬಡಿಯುತ್ತಿರುವುದು ಕೇಳಿಸಿತು.

ಕೆಳಮನೆಯ ಬೇಕರಿಯಣ್ಣ. ರಾತ್ರಿಯೆಲ್ಲ ಬ್ರೆಡ್ಡು ಸುಟ್ಟು ಹಗಲು ಮಲಗುವ ಒಂಟಿ ಮನುಷ್ಯ. ಮೆಟ್ಟಿಲ ಮೇಲೆ ಸಿಕ್ಕಾಗ ತಲೆ ಅಲ್ಲಾಡಿಸುವಷ್ಟೇ ನಮಗೆ ಪರಿಚಯ. ಈಗ ಬನಿಯನ್ನಿನಲ್ಲಿ, ಕೆದರಿದ ಕೂದಲಲ್ಲಿ, ಕೆಂಡದಂಥ ಕಣ್ಣಲ್ಲಿ ನಿಂತಿದ್ದ.

“ಏನಮ್ಮಾ ಇದು? ಮೇಲೆ ಯಾರನ್ನಾದ್ರೂ ಎತ್ತಿ ಎತ್ತಿ ಹಾಕ್ತಿದೀರಾ?”

ನಾನು ತಪ್ಪಾಯಿತು ಎನ್ನುವಷ್ಟರಲ್ಲಿ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು. “ಕೆಳಗಡೆ ಕೇಳಿಸ್ತಾ?”

“ಕೇಳಿಸ್ತಾ ಅಂತೀರಲ್ಲಮ್ಮ! ಮಂಚ ಅಲ್ಲಾಡ್ತಿದೆ. ಸ್ಟೂಲ್ ಮೇಲಿನ ಲೋಟ ಗಿಣಿಗಿಣಿ ಅಂತಿದೆ!”

“ಲೋಟ ಗಿಣಿಗಿಣಿ ಅಂತಾ?” ಅತ್ತೆ ಚಪ್ಪಾಳೆ ತಟ್ಟಿಬಿಟ್ಟರು. “ಏ, ಕೇಳಿಸ್ಕೊಂಡ್ಯೇನೇ? ಲೋಟ ಅಲ್ಲಾಡ್ತಂತೆ! ಬನ್ನಿ, ಬನ್ನಿ, ಒಳಗೆ ಬನ್ನಿ.”

ಜಗಳಕ್ಕೆಂದು ಬಂದವನಿಗೆ ತನ್ನ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅತ್ತೆ ಅವನನ್ನು ಕೂರಿಸಿ, ಚಹಾ ಕೊಟ್ಟು, ಓಡುವ ದೀಪಗಳನ್ನು ತೋರಿಸಿದರು. ಅವನು ಲೋಟ ಕೈಯಲ್ಲಿ ಹಿಡಿದು ಬಗ್ಗಿ ನೋಡಿದ. “ಇದನ್ನ ನೀವಿಬ್ರೇ ಮಾಡಿದ್ರಾ?”

“ನಾವೇ. ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಕೆಳಗೆ ಹೋಗಿ ಮಂಚದ ಮೇಲೆ ಮಲಗಿ, ಹೇಗೆ ಕೇಳಿಸತ್ತೆ ಅಂತ ಹೇಳ್ತೀರಾ?”

ನಾನು ನಾಲಿಗೆ ಕಚ್ಚಿಕೊಂಡೆ. ಅವನು ನಿಜಕ್ಕೂ ಹೋದ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಬುಡದಿಂದ ಕೂಗು ಬಂತು: “ಇನ್ನೂ ಸ್ವಲ್ಪ ದಪ್ಪ ಬೇಕು!”

ಅವತ್ತೇ ಒಪ್ಪಂದವಾಯಿತು. ಬೇಕರಿಯಣ್ಣ ಎದ್ದು ಮುಖ ತೊಳೆಯುವ ತನಕ ಡೋಲಿಗೆ ರಜೆ. ಎದ್ದ ಮೇಲೆ ಅವನೇ ಮೇಲೆ ಬರುತ್ತಿದ್ದ, ಉಳಿದ ಬ್ರೆಡ್ಡೊಂದನ್ನು ಕಂಕುಳಲ್ಲಿ ಇಟ್ಟುಕೊಂಡು. ಸಂಗೀತದ ಗಂಧಗಾಳಿ ಇಲ್ಲದವನು. ಆದರೆ ಅವನಿಗೆ ಏನು ಬೇಕೆಂಬುದು ಖಚಿತವಾಗಿತ್ತು. “ಹಿಟ್ಟಿನ ಮೂಟೆ ಹೆಗಲಿಂದ ಇಳಿಸ್ದಾಗ ಧಿಮ್ ಅನ್ನತ್ತಲ್ಲಮ್ಮಾ, ಆಮೇಲೆ ಸುಮ್ನಾಗತ್ತೆ. ನಿಮ್ದು ಇಳಿದ ಮೇಲೂ ನಡುಗ್ತಾನೇ ಇದೆ.” ಅತ್ತೆ ರೆಸಿಸ್ಟರ್ ಬದಲಾಯಿಸಿ ಶಬ್ದದ ಬಾಲ ಕತ್ತರಿಸಿದರು. ‘ಚಟ್’ ಹೇಗಿರಬೇಕೆಂದು ತೋರಿಸಲು ಅವನೊಮ್ಮೆ ಒದ್ದೆ ಹಿಟ್ಟಿನ ಮುದ್ದೆ ತಂದು ನಮ್ಮ ಮೇಜಿಗೆ ರಪ್ಪನೆ ಬಡಿದ. ನಮ್ಮವರ ಉತ್ತರಪತ್ರಿಕೆಗಳ ಮೇಲೆಲ್ಲ ಹಿಟ್ಟು ಹಾರಿತು.

“ಈ ಮನುಷ್ಯ ದಿನಾ ಯಾಕೆ ಬರ್ತಾನೆ?” ಎಂದರು ನಮ್ಮವರು ಅಡುಗೆಮನೆಗೆ ಬಂದು, ಸಣ್ಣ ದನಿಯಲ್ಲಿ.

“ಬ್ರೆಡ್ ತರ್ತಾರಲ್ಲ, ಬರ್ಲಿ ಬಿಡ್ರಿ.”

ಅವರು ಇನ್ನೊಂದು ಚೂರು ಬ್ರೆಡ್ಡು ಮುರಿದು ಬಾಯಿಗೆ ಹಾಕಿಕೊಂಡರು. ಆ ಪ್ರಶ್ನೆ ಮತ್ತೆ ಏಳಲಿಲ್ಲ.

ಕ್ಲಾಸು ಮುಗಿಯುವ ಕಾಲಕ್ಕೆ ಮೇಷ್ಟ್ರು ಒಂದು ಪ್ರದರ್ಶನ ಇಟ್ಟರು. ಒಬ್ಬೊಬ್ಬರೂ ತಾವು ಮಾಡಿದ್ದನ್ನು ವೇದಿಕೆಯ ಮೇಲೆ ನುಡಿಸಬೇಕು. ನಾವೆಲ್ಲರೂ ಬಸ್ಸಿನಲ್ಲಿ ಹೊರಟೆವು. ಅತ್ತೆ ಡ್ರಮ್ ಮಷೀನಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಮಗುವಿನಂತೆ ಅಪ್ಪಿಕೊಂಡಿದ್ದರು. ದಾರಿಯ ಗುಂಡಿಗಳನ್ನು ಡ್ರೈವರು ಒಂದನ್ನೂ ಬಿಡಲಿಲ್ಲ.

ಅತ್ತೆಯ ಸರದಿ ಬಂತು. ಭವನದ ದೊಡ್ಡ ಸ್ಪೀಕರುಗಳಿಗೆ ತಂತಿ ಸಿಕ್ಕಿಸಿದೆ. ದೀಪಗಳು ಓಡಿದವು. ‘ಟಿಸ್, ಟಿಸ್’ ಬಂತು, ‘ಚಟ್’ ಬಂತು. ಧಿಮ್ ಬರಬೇಕಾದಲ್ಲಿ ಏನೂ ಇಲ್ಲ. ಅತ್ತೆ ಗುಬುಟು ಪೂರ್ತಿ ತಿರುಗಿಸಿದರು. ಇಲ್ಲ. ಅವರ ಮುಖ ಸಪ್ಪಗಾಯಿತು.

“ನಿಲ್ಲಿಸ್ಬೇಡಿ ಅತ್ತೆ,” ಎಂದು ಪೆಟ್ಟಿಗೆಯ ಹಿಂಬದಿಯ ಮುಚ್ಚಳ ತೆಗೆದೆ. ಮೇಷ್ಟ್ರು ಬಿಸಿ ಸೋಲ್ಡರಿಂಗ್ ಕಡ್ಡಿ ತಂದು ಕೈಗಿಟ್ಟರು. ಭೂತಗನ್ನಡಿ ಹಣೆಗೆ ಕಟ್ಟಿಕೊಂಡು ನಾನು ತಂತಿಗಳ ನಡುವೆ ಹುಡುಕತೊಡಗಿದೆ. ಆಗಲೇ ಪಕ್ಕದಲ್ಲಿ ‘ಧಿಮ್’ ಎಂದಿತು.

ಬೇಕರಿಯಣ್ಣ ಮುಂದಿನ ಸಾಲಿನಿಂದ ಎದ್ದು ಬಂದಿದ್ದ. ವೇದಿಕೆ ಮರದ್ದು, ಒಳಗೆ ಟೊಳ್ಳು. ಅವನು ಮಂಡಿಯೂರಿ, ಕಣ್ಣು ದೀಪಗಳ ಮೇಲೆ ನೆಟ್ಟು, ಮೊದಲ ದೀಪ ಹೊತ್ತಿದಾಗೊಮ್ಮೆ, ಐದನೆಯದು ಹೊತ್ತಿದಾಗೊಮ್ಮೆ ಹಲಗೆಗೆ ಮುಷ್ಟಿಯಿಂದ ಗುದ್ದುತ್ತಿದ್ದ. ಅತ್ತೆ ಅವನನ್ನು ನೋಡಿದರು. ಮುಖ ಸಡಿಲವಾಯಿತು. ಒಂದು ಸ್ವಿಚ್ಚು ಬದಲಾಯಿಸಿ ನೋಡಿದರು. ಅವನು ಹಿಂಬಾಲಿಸಿದ. ವೇಗದ ಗುಬುಟನ್ನು ಸ್ವಲ್ಪ ತಿರುಗಿಸಿದರು. ಅವನು ಹಲ್ಲು ಕಚ್ಚಿ ಗುದ್ದಿದ. ಇನ್ನೂ ಸ್ವಲ್ಪ ತಿರುಗಿಸಿದರು. ಇದು ತುಂಟಾಟವೆಂದು ಆಗ ನನಗೆ ಗೊತ್ತಾಯಿತು, ಸಭೆಗೂ ಗೊತ್ತಾಯಿತು. ಜನ ನಗುತ್ತ ಚಪ್ಪಾಳೆಯಲ್ಲಿ ತಾಳ ಹಿಡಿದರು. ನಮ್ಮವರು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು, ತಾಳ ತಪ್ಪಿ.

ಬಸ್ಸಿನ ಕುಲುಕಾಟಕ್ಕೆ ಒಂದು ತಂತಿ ಕಿತ್ತು ಬಂದಿತ್ತು. ಸಿಕ್ಕಿತು. ಕಡ್ಡಿಯ ತುದಿ ತಾಗಿಸಿದೆ, ಎಳೆಯಷ್ಟು ಹೊಗೆ ಎದ್ದಿತು. ಮರುಗಳಿಗೆಗೇ ಭವನದ ಎರಡು ಬದಿಯಿಂದಲೂ ಧಿಮ್ ಎಂದು ಬಂತು ನೋಡಿ, ಬೇಕರಿಯಣ್ಣ ತನ್ನ ಮುಷ್ಟಿಯಿಂದಲೇ ಅಷ್ಟು ಶಬ್ದ ಬಂತೆಂದು ಬೆಚ್ಚಿ ಹಿಂದಕ್ಕೆ ಕೂತುಬಿಟ್ಟ. ಹೊಟ್ಟೆ ಹುಣ್ಣಾಗುವಷ್ಟು ನಗು. ನಿಲ್ಲಿಸಬೇಡಿ ಎಂದು ಅತ್ತೆ ಅವನಿಗೆ ಕೈಸನ್ನೆ ಮಾಡಿದರು. ಯಂತ್ರವೂ ಮುಷ್ಟಿಯೂ ಕೂಡಿಯೇ ಕೊನೆಯ ತನಕ ನಡೆದವು.

ಅವನು ಅಲ್ಲಿಂದಲೇ ಕೆಲಸಕ್ಕೆ ಓಡಿದ. ಬಸ್ಸಿನ ಸಹವಾಸ ಬೇಡವೆಂದು ನಾವು ಮೂವರು ನಡೆದುಕೊಂಡೇ ಮನೆಗೆ ಹೊರಟೆವು. ಪೆಟ್ಟಿಗೆ ಈಗ ನಮ್ಮವರ ಕೈಯಲ್ಲಿತ್ತು. ಸುಮಾರು ದೂರ ಬಂದ ಮೇಲೆ ಅವರು, “ಅಮ್ಮಾ,” ಎಂದರು. “ಸಮುದ್ರದ ಶಬ್ದ ಬರೋ ಹಾಗೆ ಒಂದು ಮಾಡೋಕಾಗತ್ತಾ? ಗಾಳಿ ಬೀಸೋದು, ಅಲೆ ಬರೋದು, ಹಾಗೆ. ನಮ್ ಕ್ಲಾಸಲ್ಲಿ ಸಮುದ್ರ ನೋಡದೇ ಇರೋ ಮಕ್ಕಳು ಬಹಳ ಇದಾರೆ.”

“ಆಗತ್ತೆ.”

“ಮಾಡ್ಕೊಡ್ತೀಯಾ?”

“ಮಾಡ್ಕೊಡಲ್ಲ. ಕೂತ್ಕೊಂಡು ನೀನೇ ಮಾಡು.”

ಮುಂದಿನ ರಜೆಯ ದಿನ ಅವರು ಬೆಳಗ್ಗೆಯೇ ಮೇಜಿಗೆ ಕೂತರು. ಮಧ್ಯಾಹ್ನದೊಳಗೆ ಎರಡು ಬೆರಳು ಸುಟ್ಟುಕೊಂಡರು. ಸಹಾಯಕ್ಕೆ ಕೈ ಮುಂದೆ ಹೋಗದಿರಲೆಂದು ಅತ್ತೆ ತಮ್ಮ ಎರಡೂ ಕೈಗಳ ಮೇಲೆ ಕೂತಿದ್ದರು. ಸಂಜೆಗೆ ಸ್ಪೀಕರಿನಿಂದ ಒಂದೇ ಸಮ ‘ಸ್’ ಎಂಬ ಶಬ್ದ ಬಂತು. “ಸಮುದ್ರ ಅಲ್ಲಾರೀ ಇದು, ಕುಕ್ಕರ್,” ಎಂದೆ. “ತಡಿ, ತಡಿ,” ಎಂದು ಅವರು ಕಣ್ಣು ಮುಚ್ಚಿ ಗುಬುಟನ್ನು ಕೂದಲೆಳೆಯಷ್ಟು ತಿರುಗಿಸಿದರು. ಶಬ್ದ ದೂರದಿಂದ ಮೇಲೆದ್ದು ಬಂತು, ಮುರಿಯಿತು, ಹಿಂದಕ್ಕೆ ಸರಿಯಿತು, ಮತ್ತೆ ಬಂತು. ಯಾರೂ ದೀಪ ಹಾಕಲು ಏಳಲಿಲ್ಲ.

ಅದನ್ನವರು ಶಾಲೆಗೆ ಒಯ್ದರು. ಮಕ್ಕಳು ಮೂರು ಸಲ ಹಾಕಿಸಿಕೊಂಡರಂತೆ. ಪಕ್ಕದ ಕೋಣೆಯಿಂದ ಹೆಡ್‌ಮಾಸ್ಟರು ಗ್ಯಾಸ್ ಸೋರುತ್ತಿದೆ ಎಂದು ಓಡಿ ಬಂದರಂತೆ. ಅದನ್ನು ಹೇಳುವಾಗ ನಮ್ಮವರು ಶೂ ಬಿಚ್ಚುವುದನ್ನೂ ಮರೆತು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಅತ್ತೆ ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ಹೇಳಿಸಿಕೊಂಡರು.