ಹೊದಿಕೆಯ ಕೆಳಗಿನ ಗರಗಸ

ನಮ್ಮ ಮನೆಯಲ್ಲಿ ಮೇಲೆ ಸಂಸಾರ, ಕೆಳಗೆ ಬಡಗಿ ಶೆಡ್ಡು. ಗರಗಸದ ಮಷಿನ್ ಶುರುವಾಯಿತೆಂದರೆ ಮಗಳು ಎರಡೂ ಕಿವಿ ಮುಚ್ಚಿಕೊಂಡು ಪಾಠ ಓದುತ್ತಾಳೆ. ಪಕ್ಕದ ಮನೆಯವರು ಕಿಟಕಿ ತೆಗೆದು ವರ್ಷವಾಯಿತು. ಆದರೆ ನಮ್ಮ ಮೂವರ ಹೊಟ್ಟೆ ತುಂಬಿಸುವುದೂ ಅದೇ ಮಷಿನ್. ಅದನ್ನು ಬೈಯುವ ಹಾಗಿಲ್ಲ.

ಹೋದ ವರ್ಷ ನಗರಸಭೆಯವರು ಮನೆ ಮನೆಗೆ ಬಂದು, "ಇಲ್ಲಿ ಏನು ನಡೆಯುತ್ತೆ?" ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಸುದ್ದಿ ಕಿವಿಗೆ ಬಿದ್ದದ್ದೇ ಕೆಳಗೆ ಶೆಡ್ಡಿಗೆ ಓಡಿದೆ. ಶೆಡ್ಡು ಮುಚ್ಚಿಸಿಬಿಟ್ಟರೆ? ಮಷಿನ್ ಮೇಲೆ ದಪ್ಪ ಹೊದಿಕೆ ಎಳೆದೆ, ಅದರ ಮೇಲೊಂದು ದಿಂಬು ಇಟ್ಟೆ. "ಇಲ್ಲಿ ನಾವು ಮಲಗೋದು ಸ್ವಾಮಿ" ಎಂದೆ. ಬೀದಿಯ ಒಂಬತ್ತು ಬಡಗಿ ಮನೆಗಳಲ್ಲೂ ಇದೇ ನಾಟಕ. ಅಬ್ಬಬ್ಬಾ, ಎಂಥಾ ಜಾಣರು ನಾವು!

ಮೊನ್ನೆ ನನ್ನ ತಂಗಿ ಬಂದಳು. ನಗರಸಭೆಯಲ್ಲಿ ನಕ್ಷೆ ಬರೆಯುವುದು ಅವಳ ಕೆಲಸ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅಕ್ಕಾ, ಊರಿನ ಭೂಬಳಕೆ ನಕ್ಷೆ ಗೋಡೆಗೆ ಹಾಕಿದಾರೆ. ನಿಮ್ಮ ಬೀದಿ ಪೂರ್ತಿ ಹಳದಿ. ಹಳದಿ ಅಂದ್ರೆ ಬರೀ ವಾಸದ ಮನೆ. ಹೀಗೇ ಖಾಯಂ ಆದ್ರೆ ಶೆಡ್ಡಿಗೆ ಇಲ್ಲೂ ಜಾಗ ಇಲ್ಲ, ಬೇರೆ ಕಡೆಯೂ ಇಲ್ಲ."

ಯಜಮಾನರು ಉಳಿ ಕೆಳಗಿಟ್ಟರು. "ನಾನು ಹೇಳ್ಲಿಲ್ವಾ! ಈ ನಕ್ಷೆ ಅನ್ನೋದೇ ನಮ್ಮಂಥೋರನ್ನ ಎತ್ತಂಗಡಿ ಮಾಡೋಕೆ."

"ಭಾವ, ಹಲಗೆಗೆ ಗೆರೆ ಎಳೀದೆ ಗರಗಸ ಇಡ್ತೀರಾ?"

"ನಂಗೇನು ಹುಚ್ಚಾ? ಮರ ಹಾಳಾಗುತ್ತೆ."

"ಊರಿಗೂ ಅಷ್ಟೇ. ಮಳೆ ನೀರು ಹರಿಯೋ ಕಡೆ ಮನೆ ಕಟ್ಟಿದ್ರೆ ನೀರು ಒಳಗೇ ಬರುತ್ತೆ. ಸ್ಕೂಲ್ ಪಕ್ಕ ಗದ್ದಲ ಇರಬಾರದು. ಮಕ್ಕಳಿಗೆ ಆಟದ ಬಯಲು ಬೇಕು, ಶೆಡ್ಡುಗಳಿಗೆ ಅಗಲದ ರಸ್ತೆ ಬೇಕು. ನಿಮ್ಮ ಮರದ ಪುಡಿಗೆ ಒಂದು ಕಿಡಿ ಬಿತ್ತು ಅಂತಿಟ್ಕೊಳ್ಳಿ, ಫೈರ್ ಎಂಜಿನ್ ಈ ಬೀದಿಯೊಳಗೆ ಬರುತ್ತಾ? ಮೇಲೆ ಮಗು ಇರುತ್ತೆ ಭಾವ. ಯಾವುದಕ್ಕೆ ಎಲ್ಲಿ ಜಾಗ ಅಂತ ಮೊದಲೇ ಗೆರೆ ಎಳೆಯೋದೇ ಈ ನಕ್ಷೆ."

ಯಜಮಾನರು ಮೇಲಿನ ಕೋಣೆಯ ಕಡೆ ನೋಡಿದರು. ದನಿ ಇಳಿಯಿತು. "ಮತ್ತೆ ನಮ್ಮ ಶೆಡ್ಡು ಯಾಕೆ ಬಿಟ್ರಿ? ನಿಂಗೆ ಗೊತ್ತಿರ್ಲಿಲ್ವಾ?"

"ಬಣ್ಣ ತುಂಬಿದ್ದು ನಾನೇ. ಆದ್ರೆ ಮನೆಯೋರು ಬರೆಸಿದ್ದನ್ನ ನಾನು ತಿದ್ದೋ ಹಾಗಿಲ್ಲ. ಈ ಬೀದೀಲಿ ಒಬ್ಬ ಬಡಗೀನೂ ಇಲ್ಲ ಅಂತ ನೀವೇ ಬರೆಸಿದೀರಿ. ಇಲ್ಲದೋರಿಗೆ ಜಾಗ ಯಾರು ಇಡ್ತಾರೆ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅನ್ನ ಕೊಡುವ ಮಷಿನ್‌ಗೆ ನಾನೇ ಕಲ್ಲು ಹಾಕಿದ್ದೆ. "ಈಗೇನೇ ಮಾಡೋದು?" ಎಂದೆ.

"ಅಳಬೇಡ ಅಕ್ಕಾ. ಇದಿನ್ನೂ ಕರಡು. ಶುಕ್ರವಾರದೊಳಗೆ ಆಕ್ಷೇಪಣೆ ಬರೆದು ಕೊಡಿ. ಕೇಳಲೇಬೇಕು ಅವರು."

ಒಂಬತ್ತು ಮನೆಯವರೂ ಆಕ್ಷೇಪಣೆ ಬರೆದುಕೊಂಡು ನಗರಸಭೆಗೆ ಹೋದೆವು. ಅಧಿಕಾರಿ ಹಳೆಯ ಪಟ್ಟಿ ತೆಗೆದು, "ಅವತ್ತು ಮಲಗೋ ಕೋಣೆ ಅಂದಿದ್ರಲ್ಲಮ್ಮಾ?" ಎಂದರು.

"ಸುಳ್ಳು ಹೇಳಿದ್ದು ನಾನೇ ಸ್ವಾಮಿ. ಹೆದರಿಬಿಟ್ಟಿದ್ದೆ."

ಅವರು ಬೈಯಲಿಲ್ಲ. ಮರುವಾರ ಮತ್ತೆ ನೋಡಲು ಬಂದರು. ಈ ಸಲ ಹೊದಿಕೆಯನ್ನು ನಾನೇ ಎಳೆದು ತೆಗೆದೆ.

ತಿದ್ದಿದ ನಕ್ಷೆ ಬಂದಾಗ ಲಾರಿ ನಿಲ್ದಾಣದ ಹಿಂದೆ, ಅಗಲ ರಸ್ತೆಯ ಪಕ್ಕ, ನೇರಳೆ ಬಣ್ಣದ ತುಂಡೊಂದಿತ್ತು. ಶೆಡ್ಡುಗಳಿಗೆಂದೇ ಇಟ್ಟ ಜಾಗ. ಅದು ಸಿದ್ಧವಾಗುವವರೆಗೆ ನಾವು ಇಲ್ಲೇ ಕೆಲಸ ಮಾಡಬಹುದು. ಯಜಮಾನರು ಅಂಟು ಮೆತ್ತಿದ ಬೆರಳನ್ನು ಅದರ ಅಂಚಿನ ಮೇಲೆ ಎಳೆದು, "ಗೆರೆ ನೇರಕ್ಕಿದೆ ಕಣೇ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನ ನಕ್ಷೆಯೂ ಒಂದು ದಿನ ಗೋಡೆಗೆ ಬರುತ್ತದೆ. ಹೋಗಿ ನೋಡಿ. ನಿಮ್ಮ ಬೀದಿಯ ಮೇಲೆ ಬೆರಳಿಟ್ಟು, ಇದು ಯಾವ ಬಣ್ಣ, ಯಾಕೆ ಎಂದು ಕೇಳಿ. ತಪ್ಪಿದ್ದರೆ ಗಡುವಿನೊಳಗೆ ಬರೆದು ಕೊಡಿ. ಮನೆಗೆ ಕೇಳಲು ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನೀವು ಹೊದಿಕೆ ಹಾಕಿ ಮುಚ್ಚಿದ್ದಕ್ಕೆ ಊರಿನ ನಕ್ಷೆಯಲ್ಲಿ ಜಾಗ ಇರುವುದಿಲ್ಲ.