ನಡುವಿನ ಒಂದು ‘ಆ’

ಬಾಗಿಲಲ್ಲಿ ನಿಂತಿದ್ದ ಪೊಲೀಸ್ ಅಧಿಕಾರಿಯ ಮುಂದೆ ನನ್ನ ಸಹಪಾಠಿ ಯೆಸ್ಟಿನ್ ಆ ವಾಕ್ಯ ಹೇಳಿದಾಗ ನನಗೆ ಮೊದಲು ಬಂದದ್ದು ನಗು. ಕೆಳಗಿನ ಮನೆಯ ಮದಾಮ್ ಮೊರ್ವಾನ್ ಮೆಟ್ಟಿಲ ಮೇಲೆ ಬಿದ್ದು, ಸೊಂಟ ಮುರಿದು, ತಲೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದರು. ಅಂಥ ಹೊತ್ತಿನಲ್ಲಿ ನಗುವುದುಂಟೇ ಎಂದು ತುಟಿ ಕಚ್ಚಿಕೊಂಡೆ.

“ಅವರು ಬಿದ್ದಾಗ ನೀವು ಕಟ್ಟಡದಲ್ಲಿ ಇದ್ರಾ?” ಎಂದು ಆ ಅಧಿಕಾರಿ ಕೇಳಿದ್ದಳು.

“ಇದ್ದೆ” ಎಂದು ಯೆಸ್ಟಿನ್ ತನ್ನ ಇಸ್ತ್ರಿ ಮಾಡಿದಂಥ ಫ್ರೆಂಚಿನಲ್ಲಿ ಶುರುಮಾಡಿ, “ಜೆ ಅಸಿಸ್ತೆ ಆ ಸಾ ಶ್ಯೂತ್” ಎಂದ.

ಇಂಗ್ಲಿಷಿನ ‘ಅಸಿಸ್ಟ್’ ಎಂದರೆ ಸಹಾಯ ಮಾಡುವುದು. ಫ್ರೆಂಚಿನಲ್ಲೂ ಅದೇ ಪದ ಇದೆ, ಅದೇ ಅರ್ಥವೂ ಇದೆ. ಆದರೆ ಅದರ ಬೆನ್ನಿಗೆ ಒಂದು ಸಣ್ಣ ‘ಆ’ ಬಂದು ಕೂತರೆ ಅರ್ಥವೇ ಬೇರೆ. ಆಗ ಸಹಾಯ ಮಾಡಿದೆ ಎಂದಾಗುವುದಿಲ್ಲ. ಅಲ್ಲಿದ್ದೆ, ಕಣ್ಣಾರೆ ಕಂಡೆ ಎಂದಾಗುತ್ತದೆ. ಯೆಸ್ಟಿನ್ ಹೇಳಿದ್ದರ ಅರ್ಥ, “ಅವರು ಬೀಳುವುದನ್ನು ನಿಂತು ನೋಡಿದೆ.”

ಇಂಗ್ಲಿಷಿನಿಂದ ಫ್ರೆಂಚಿಗೆ ಬಂದ ನಮ್ಮಂಥವರೆಲ್ಲ ಎಡವಿ ಬೀಳುವ ಜಾಗ ಇದು. ನಾನೇ ಬಿದ್ದಿದ್ದೇನೆ. ಫ್ರಾನ್ಸಿನ ಈ ಊರಿಗೆ ಬಂದ ಹೊಸದರಲ್ಲಿ ಸಂತೆಯಲ್ಲಿ ಒಬ್ಬ ಕಳ್ಳ ಯಾರದೋ ಚೀಲ ಕಿತ್ತುಕೊಂಡು ಓಡಿದ್ದನ್ನು ನೋಡಿದೆ. ಕೆಫೆಗೆ ಓಡಿಬಂದು ಏದುಸಿರು ಬಿಡುತ್ತ ಎಲ್ಲರಿಗೂ ಹೇಳಿದೆ. ಗಡಿಬಿಡಿಯಲ್ಲಿ ‘ಆ’ ಬಿಟ್ಟುಹೋಯಿತು. ಕಳ್ಳನಿಗೆ ನಾನೇ ಕೈಜೋಡಿಸಿದೆ ಎಂದಂತಾಯಿತು. “ನಿಮ್ಮ ಪಾಲಿಗೆ ಏನು ಬಂತು, ಮದ್ಮ್ವಾಸೆಲ್?” ಎಂದು ಕೆಫೆಯವನು ಕೇಳಿದ. ಈ ಕಥೆಯನ್ನು ಯೆಸ್ಟಿನ್ ಹೋದಲ್ಲೆಲ್ಲ ಉಪ್ಪುಖಾರ ಹಚ್ಚಿ ಹೇಳಿ ನನ್ನ ಮಾನ ಕಳೆದಿದ್ದ. ಈಗ ನೋಡಿದರೆ ಮಹಾಶಯ ತಾನೂ ಅದೇ ಗುಂಡಿಗೆ ಆಚೆ ಕಡೆಯಿಂದ ಬಿದ್ದಿದ್ದಾನೆ! ಬಿದ್ದಾಗ ಸಹಾಯ ಮಾಡಿದೆ ಎನ್ನಲು ಹೋಗಿ, ಬೀಳುವುದನ್ನು ನೋಡಿದೆ ಎಂದಿದ್ದಾನೆ.

ಪೊಲೀಸಾಕೆ ನಗಲಿಲ್ಲ. “ಸ್ವಲ್ಪ ಠಾಣೆಗೆ ಬರ್ತೀರಾ?” ಎಂದಳು. ಯೆಸ್ಟಿನ್ ಕೋಟು ಎತ್ತಿಕೊಂಡು, ಮದುವೆಗೆ ಹೊರಟವನ ಹಾಗೆ ಆರಾಮವಾಗಿ ಮೆಟ್ಟಿಲಿಳಿದ. ನನ್ನ ನಗು ಆಗ ಆರಿತು. ಯಾಕೆಂದರೆ ಈ ವರ್ಷ ನಾನು ಫ್ರೆಂಚ್ ಅಪರಾಧ ಕಾನೂನು ಓದುತ್ತಿದ್ದೆ, ಅವನು ಓದುತ್ತಿರಲಿಲ್ಲ.

ನಾವಿಬ್ಬರೂ ವೇಲ್ಸಿನವರು. ನಾನು ಕಾರ್ಮಾರ್ಥನ್‌ನವಳು, ಹೆಸರು ಮಾರೆಡ್. ಅವನು ಬಾಲಾದವನು. ಕಾನೂನಿನ ಜೊತೆ ಫ್ರೆಂಚ್ ಓದುವ ಕೋರ್ಸಿನಲ್ಲಿ ಮೂರನೆಯ ವರ್ಷ ಫ್ರಾನ್ಸಿನಲ್ಲಿ ಕಳೆಯಬೇಕು. ಹಾಗಾಗಿ ರೆನ್ ಊರಿಗೆ ಬಂದು ಒಂದೇ ಮನೆ ಹಂಚಿಕೊಂಡಿದ್ದೆವು. ಪ್ರೀತಿಗೀತಿ ಏನಿಲ್ಲ. ಒಬ್ಬರಿಗೊಬ್ಬರು ವೆಲ್ಷ್ ಭಾಷೆಯಲ್ಲಿ ಬೈದುಕೊಳ್ಳಬಹುದಲ್ಲ, ಅದೇ ದೊಡ್ಡ ಸುಖ.

ವೇಲ್ಸಿನಲ್ಲಿ ಮೊದಲ ವರ್ಷ ನಮ್ಮ ಪ್ರೊಫೆಸರು ಹೇಳಿದ ಒಂದು ಪಾಠ ಯಾರೂ ಮರೆತಿರಲಿಕ್ಕಿಲ್ಲ. ಮೊಣಕಾಲುದ್ದದ ಕೊಳದಲ್ಲಿ ಯಾರದೋ ಮಗು ಮುಳುಗುತ್ತಿದೆ. ನೀವು ದಡದ ಬೆಂಚಿನ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದೀರಿ. ಏಳಲಿಲ್ಲ, ಕೂಗಲಿಲ್ಲ, ಕೊನೆಯ ತುತ್ತನ್ನೂ ತಿಂದು ಮುಗಿಸಿದಿರಿ. ನಮ್ಮ ಕಾನೂನು ನಿಮ್ಮ ಕೂದಲು ಕೊಂಕಿಸುವಂತಿಲ್ಲ. ಮಗು ನಿಮ್ಮದಲ್ಲ, ನೀವು ತಳ್ಳಲಿಲ್ಲ. ಅಂದು ತರಗತಿಯಲ್ಲಿ ಎಲ್ಲರೂ ಹೌಹಾರಿದ್ದೆವು. ಒಂದು ಹುಡುಗಿಯಂತೂ ಅತ್ತೇಬಿಟ್ಟಳು. ಪರೀಕ್ಷೆ ಬರುವ ಹೊತ್ತಿಗೆ ಎಲ್ಲರೂ ಗಿಳಿಪಾಠ ಒಪ್ಪಿಸುತ್ತಿದ್ದೆವು. ಯೆಸ್ಟಿನ್‌ಗೆ ಅದರಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ.

ಫ್ರಾನ್ಸಿನಲ್ಲಿ ಹಾಗಲ್ಲ. ಅಪಾಯದಲ್ಲಿರುವವರನ್ನು ಕಂಡೂ, ತನಗೇನೂ ತೊಂದರೆಯಾಗದೆ ನೆರವಾಗಬಹುದಾಗಿದ್ದೂ ಸುಮ್ಮನೆ ಹೋದರೆ ಐದು ವರ್ಷದವರೆಗೆ ಜೈಲು. ಪಾಪದ ಹುಡುಗ ಒಂದು ವ್ಯಾಕರಣದ ತಪ್ಪಿಗೆ ಕಂಬಿ ಎಣಿಸಬೇಕೇ? ನಾನು ಬಸ್ ಹಿಡಿದು ಅವನ ಹಿಂದೆಯೇ ಹೊರಟೆ.

ದಾರಿಯುದ್ದಕ್ಕೂ ಮದಾಮ್ ಮೊರ್ವಾನ್ ಮುಖವೇ ಕಣ್ಣ ಮುಂದೆ. ಎಂಬತ್ತು ದಾಟಿದ ಒಂಟಿ ಹೆಂಗಸು. ಕಸದ ಡಬ್ಬಿಯನ್ನು ತಪ್ಪು ದಿನ ಹೊರಗಿಟ್ಟರೆ ಬಾಗಿಲು ತೆರೆಯದೆಯೇ ಒಳಗಿಂದ ಗದರುತ್ತಿದ್ದರು. ನಾವು ಕ್ಷಮೆ ಕೇಳಿದರೆ ಆ ಕ್ಷಮೆಯ ವ್ಯಾಕರಣವನ್ನೂ ಒಳಗಿಂದಲೇ ತಿದ್ದುತ್ತಿದ್ದರು. ಭಾನುವಾರ ಮಾತ್ರ ಅದೇ ಬಾಗಿಲು ತೆರೆದು, ಒಣದ್ರಾಕ್ಷಿ ಹಾಕಿ ಬೇಯಿಸಿದ ಫಾರ್ ಸಿಹಿಯ ತಟ್ಟೆಯನ್ನು ಕೈಗಿಡುತ್ತಿದ್ದರು. “ನೋಡು, ಎಷ್ಟು ಸಣಕಲಾಗಿದ್ದೀಯ. ನಿಮ್ಮೂರಲ್ಲಿ ಅನ್ನ ಹಾಕಲ್ವಾ?” ಎಂದು ಯೆಸ್ಟಿನ್‌ಗೆ ದೊಡ್ಡ ತುಂಡು. ಅವನ ಹೆಸರು ಅವರ ಬಾಯಲ್ಲಿ ‘ಯೆಸ್ತಾಂ’. ತಿದ್ದುವ ಧೈರ್ಯ ಅವನಿಗಿರಲಿಲ್ಲ.

ಅವರು ಬಿದ್ದ ಮಧ್ಯಾಹ್ನ ಯೆಸ್ಟಿನ್‌ಗೆ ಕರಾರು ಕಾನೂನಿನ ಮೌಖಿಕ ಪರೀಕ್ಷೆ ಇತ್ತು. ಈ ವರ್ಷ ಫೇಲಾದರೆ ಪದವಿಯಿಂದ ‘ಫ್ರೆಂಚ್’ ಎಂಬ ಪದವೇ ಉದುರಿಹೋಗಿ ಬರೀ ಕಾನೂನು ಉಳಿಯುತ್ತದೆ. ಆ ಭಯಕ್ಕೆ ಅವನು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಅವನಿಗೆ ಇಪ್ಪತ್ತಕ್ಕೆ ಹದಿನಾಲ್ಕು ಬಂತು. ಇಲ್ಲಿನ ಪ್ರೊಫೆಸರುಗಳು ಹನ್ನೆರಡು ಕೊಡುವುದಕ್ಕೂ ಕೈ ನಡುಗಿಸುತ್ತಾರೆ. ಲೈಬ್ರರಿಗೆ ಓಡಿಬಂದು ನನ್ನನ್ನು ಎತ್ತಿ ಸುತ್ತಿಸಿದ. ಬಕ್‌ವೀಟ್ ಹಿಟ್ಟಿನ ದೋಸೆಯಂಥ ಗಾಲೆತ್ ತಿಂದು, ಸೇಬಿನ ಮದ್ಯ ಕುಡಿದು, ಸಂಜೆ ಹಾಡಿಕೊಂಡು ಮನೆಗೆ ಬಂದೆವು. ಬಾಗಿಲಲ್ಲಿ ಆಂಬುಲೆನ್ಸ್ ನಿಂತಿತ್ತು. ಎದುರುಮನೆಯ ನರ್ಸ್ ಕೆಲಸ ಮುಗಿಸಿ ಬಂದವಳು ಆಗಷ್ಟೇ ಮದಾಮರನ್ನು ನೋಡಿದ್ದಳಂತೆ. ಅಷ್ಟು ಹೊತ್ತೂ ಅವರು ತಣ್ಣನೆ ಕಲ್ಲಿನ ಮೆಟ್ಟಿಲ ಮೇಲೆ ಒಬ್ಬರೇ ಬಿದ್ದಿದ್ದರು. ಯೆಸ್ಟಿನ್ ನೇರವಾಗಿ ಒಳಗೆ ಹೋದ. ದುಃಖವಾಗಿರಬೇಕು ಅಂದುಕೊಂಡೆ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಪರೀಕ್ಷೆಗೆ ಹೊರಟಾಗ ಅವರು ಬಿದ್ದದ್ದನ್ನು ನೋಡಿದ್ದಾನೆ, ಎಬ್ಬಿಸಿ ಕೂರಿಸಿದ್ದಾನೆ, “ಏನಿಲ್ಲ, ಹೋಗಪ್ಪ” ಎಂದು ಅವರೇ ಓಡಿಸಿದ್ದಾರೆ. ಅವನು ಹೋದ ಮೇಲೆ ಎದ್ದು ನಿಲ್ಲಲು ಹೋಗಿ ಮತ್ತೆ ಬಿದ್ದಿದ್ದಾರೆ. ಮಾಡಿದ ಉಪಕಾರ ಹೇಳಿಕೊಳ್ಳುವ ಜಾತಿಯಲ್ಲ ನಮ್ಮ ಯೆಸ್ಟಿನ್. ಅದಕ್ಕೇ ನನಗೂ ಹೇಳಲಿಲ್ಲ. ಎಲ್ಲ ಸರಿಹೊಂದಿತು.

ಠಾಣೆಯಲ್ಲಿ ಆ ಅಧಿಕಾರಿ, ಲೆ ದಾಂತೆಕ್ ಅಂತ ಹೆಸರು, ನನ್ನ ಮಾತನ್ನು ತಾಳ್ಮೆಯಿಂದ ಕೇಳಿದಳು. ಕಳ್ಳನ ಕಥೆಯನ್ನೂ ಹೇಳಿದೆ. ಅದಕ್ಕೆ ನಕ್ಕಳು.

“ನನ್ನ ಗಂಡನೂ ಲಂಡನ್ನಿಗೆ ಹೋದಾಗ ಹೋಟೆಲಿನಲ್ಲಿ ಏನೇನೋ ಅಂದು ಮರ್ಯಾದೆ ಕಳ್ಕೊಂಡಿದ್ದ” ಎಂದಳು. “ನೋಡಿ, ಈ ಹುಡುಗ ನೆರವಾಗಿದ್ದಾನೆ ಅಂದ್ರೆ ವಿಷಯಾನೇ ಬೇರೆ. ಒಳಗೆ ಕೂತವನು ಪ್ರತಿ ಪ್ರಶ್ನೆಗೂ ಒಂದೊಂದೇ ಮಾತಲ್ಲಿ ಉತ್ತರ ಕೊಡ್ತಿದ್ದಾನೆ. ಭಾಷೆಯದ್ದೇ ತೊಂದರೆ ಇರಬಹುದು. ಕರೀತೀನಿ, ಅವನ ಬಾಯಲ್ಲೇ ಕೇಳೋಣ.”

ನನ್ನ ಎದೆ ಹಗುರಾಯಿತು. ಯೆಸ್ಟಿನ್ ಬಂದ. ಕೋಟಿನ ಗುಂಡಿಯೂ ಬಿಚ್ಚಿರಲಿಲ್ಲ.

“ನಿಮ್ಮ ಗೆಳತಿ ಹೇಳ್ತಿದ್ದಾರೆ, ನೀವು ನೋಡಿದೆ ಅನ್ನೋಕೆ ಹೊರಟಿದ್ದಲ್ಲ, ಸಹಾಯ ಮಾಡಿದೆ ಅನ್ನೋಕೆ ಅಂತ. ಹೌದಾ?”

ಅವನು ನನ್ನ ಕಡೆ ತಿರುಗಿ ವೆಲ್ಷ್‌ನಲ್ಲಿ ಕೇಳಿದ, “ಏನೇ ಹೇಳಿದೆ ಇವರಿಗೆ?”

“ನೀನು ‘ಆ’ ತಪ್ಪಾಗಿ ಸೇರಿಸ್ದೆ ಅಂತ. ಹೌದು ಅನ್ನೋ, ಮನೆಗೆ ಹೋಗೋಣ.”

ಅವನ ಕಿವಿ ಕೆಂಪಾಯಿತು. ಅವಮಾನವಾದಾಗ ಅವನ ಕಿವಿ ಹಾಗಾಗುತ್ತದೆ. “ತಪ್ಪಾ? ನಾನಾ? ನಿನ್ನ ಹಾಗೆ ಅಂದ್ಕೊಂಡ್ಯಾ ನನ್ನ? ನನ್ನ ಫ್ರೆಂಚ್ ಸರಿಯಾಗೇ ಇತ್ತು ಕಣೇ.”

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕುರ್ಚಿಯ ಬೆನ್ನು ಹಿಡಿದುಕೊಂಡೆ.

“ಅಂದ್ರೆ… ನೋಡ್ದೆ?”

“ಇಳೀತಿದ್ದೆ. ಅವ್ರು ತರಕಾರಿ ಚೀಲ ಹಿಡ್ಕೊಂಡು ಹತ್ತಿ ಬರ್ತಿದ್ರು. ಕಾಲು ಜಾರಿತು.”

“ಆಮೇಲೆ?”

“ಆಮೇಲೇನೇ? ಪರೀಕ್ಷೆ ಇತ್ತಲ್ಲ! ಒಂದು ನಿಮಿಷ ತಡವಾದ್ರೂ ಒಳಗೆ ಬಿಡಲ್ಲ ಅವ್ರು. ಯಾರಾದ್ರೂ ಬರ್ತಾರೆ ಅಂದ್ಕೊಂಡೆ.” ನನ್ನ ಮುಖ ನೋಡಿ ಅವನಿಗೆ ರೇಗಿತು. “ಏನು ಹಾಗೆ ನೋಡ್ತೀಯ? ನಾನು ತಳ್ಳಿಲ್ಲ, ಮುಟ್ಟಿಲ್ಲ. ಅವ್ರು ನಂಗೆ ಅಜ್ಜಿನೂ ಅಲ್ಲ, ಅತ್ತೆನೂ ಅಲ್ಲ. ಕೊಳದ ಪಾಠ ಮರೆತ್ಯಾ? ನಂಗೆ ಯಾವ ಕರ್ತವ್ಯನೂ ಇರ್ಲಿಲ್ಲ.”

“ಇದು ಫ್ರಾನ್ಸ್ ಕಣೋ ಬೇಕೂಫ! ಇಲ್ಲಿ ಇದಕ್ಕೆ ಜೈಲಿದೆ! ಐದು ವರ್ಷ!”

ಈಗ ಅವನ ಮುಖ ಬಿಳಚಿತು. ಮದಾಮ್ ಆಸ್ಪತ್ರೆಯಲ್ಲಿದ್ದಾರೆ ಎಂದಾಗ ಬಿಳಚದ ಮುಖ, ಇನ್ನೂ ಎಚ್ಚರವಾಗಿಲ್ಲ ಎಂದಾಗಲೂ ಬಿಳಚದ ಮುಖ. ಇವನ ಜೊತೆ ನಾನು ಒಂದೇ ಬಾಣಲೆಯಲ್ಲಿ ಅಡುಗೆ ಮಾಡಿದ್ದೇನೆ. ಅವರು ಆ ಕಲ್ಲಿನ ಮೇಲೆ ಬಿದ್ದಿದ್ದಾಗ ಇವನ ಜೊತೆ ಕೂತು ಹಾಡಿದ್ದೇನೆ.

“ಹಾಗಾದ್ರೆ ಹೇಳ್ಬಿಡೇ” ಎಂದ, ಸ್ವರ ಸಣ್ಣದಾಗಿ. “ನೀನು ಹೇಳಿದ್ದೇ ಸರಿ ಅಂತ ಹೇಳು. ‘ಆ’ ತಪ್ಪಾಯ್ತು ಅಂತ. ನಿನ್ನ ಮಾತು ಇವ್ರು ನಂಬ್ತಿದ್ದಾರೆ. ಪ್ಲೀಸ್, ಮಾರೆಡ್.”

“ಅವರಿಗೆ ಎಚ್ಚರ ಇತ್ತಾ? ನೀನು ಹೋಗುವಾಗ?”

ಅವನು ನೆಲ ನೋಡಿದ.

“ಯೆಸ್ಟಿನ್, ಎಚ್ಚರ ಇತ್ತಾ?”

“‘ಯೆಸ್ತಾಂ’ ಅಂದ್ರು” ಎಂದ. “ಕೈ ಚಾಚಿದ್ರು. ನಾನೇನೂ ಒರಟಾಗಿ ನಡ್ಕೊಂಡಿಲ್ಲ ಕಣೇ. ಪಾರ್ದೊಂ ಮದಾಮ್, ಅಂತ ಹೇಳಿನೇ ದಾಟಿದ್ದು.”

ದಾಟಿದ್ದು! ಮೆಟ್ಟಿಲು ಇಕ್ಕಟ್ಟು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಬಿದ್ದವರ ಮೇಲೆ ಕಾಲೆತ್ತಿ ದಾಟದೆ ಅಲ್ಲಿ ಇಳಿಯಲು ಬೇರೆ ದಾರಿಯೇ ಇಲ್ಲ. ಹಾಗೆ ದಾಟುವಾಗಲೂ ಇವನು ನಮ್ಮೂರಿನ ಸಭ್ಯತೆ ಬಿಟ್ಟಿಲ್ಲ, ಕ್ಷಮಿಸಿ ಎಂದಿದ್ದಾನೆ. ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಕೈ ಏಳಲಿಲ್ಲ.

ಲೆ ದಾಂತೆಕ್ ನಮ್ಮಿಬ್ಬರನ್ನೂ ನೋಡುತ್ತ, ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟು ಕಾದಿದ್ದಳು. ನಾವಾಡಿದ್ದು ಅವಳಿಗೆ ಒಂದು ಅಕ್ಷರವೂ ತಿಳಿದಿರಲಿಲ್ಲ.

“ಏನಂತೆ, ಮದ್ಮ್ವಾಸೆಲ್?” ಎಂದು ಮೃದುವಾಗಿ ಕೇಳಿದಳು. “ಬಾಯಿ ತಪ್ಪಿ ಬಂದ ಮಾತು ತಾನೇ?”

ಯೆಸ್ಟಿನ್ ನನ್ನ ತೋಳು ಹಿಡಿದುಕೊಂಡ. ನಾನು ಬಿಡಿಸಿಕೊಂಡೆ. ಪ್ರತಿಯೊಂದು ಪದವನ್ನೂ ಜೋಪಾನವಾಗಿ ಹೇಳಿದೆ.

“ಅಲ್ಲ, ಮದಾಮ್. ಅವನ ಫ್ರೆಂಚ್ ಸರಿಯಾಗೇ ಇತ್ತಂತೆ.”