ಎಣಿಕಿ ಒಂದ, ಆಕಾರ ಬ್ಯಾರೆ

ತೀರಿಕೊಂಡ ಅಣ್ಣ ಕೊಟ್ರಪ್ಪನ ಹಣೆಗೆ ಹುಚ್ಚೀರಪ್ಪ ವಿಭೂತಿ ಬಳಿಯುತ್ತಿದ್ದಾಗ ಮಾರ್ತಾಂಡರಾಯರು ಬಾಗಿಲು ದಾಟಿ ಒಳಗೆ ಬಂದರು. ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಬೆಟಗೇರಿಯ ಈ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಅವರ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಸಿಪಾಯಿಯಾಗಿದ್ದ ಕೊಟ್ರಪ್ಪನನ್ನು ಹೊಸ ಧೋತರ ಉಡಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು.

“ಪಾಪ, ಬಾಟ್ಲಿ ತೊಳ್ಯೂದ್ರಾಗ ಆಯುಷ್ಯ ಮುಗೀತು,” ಎಂದ ಪಕ್ಕದ ಮನೆಯ ಸಕ್ರಪ್ಪ.

ಕೊಟ್ರಪ್ಪನ ಹೆಂಡತಿ ಸಾವಿತ್ರೆವ್ವ ತಲೆಯೆತ್ತಿದಳು. “ಬಾಟ್ಲಿ ಅಷ್ಟ ತೊಳೀಲಿಲ್ಲ ಅವ್ರು.” ರಾಯರ ಕಡೆ ತಿರುಗಿದಳು. “ಸರ್, ಗಿಡದ ಕುಲಾ ನೋಡತೀನಿ ಅಂತಿದ್ರು. ಓಣಿ ಮಂದಿ ನಗತಿದ್ರು. ಅದು ಖರೆ ಏನ್ರಿ?”

ರಾಯರು ಕೊಟ್ರಪ್ಪನ ಹೆಬ್ಬೆರಳು ನೋಡಿದರು.

* * *

ಆರು ವರ್ಷದ ಹಿಂದೆ, ೧೯೭೮ರಲ್ಲಿ, ರಾಯರು ಅಡವಿ ಉಳ್ಳಾಗಡ್ಡಿಯ, ಅಂದರೆ ಕಾಡು ಈರುಳ್ಳಿಯ, ಬೆನ್ನು ಹತ್ತಿದ್ದರು. ಡಂಬಳದ ಎರೆ ಹೊಲದ್ದೂ ಗುಡ್ಡದ್ದೂ ನೋಡಲಿಕ್ಕೆ ಒಂದೇ. ಜಾತಿ ಒಂದೋ ಎರಡೋ ಎಂಬುದನ್ನು ಬೇರಿನ ತುದಿಯ ಜೀವಕೋಶದೊಳಗಿನ ವರ್ಣತಂತುಗಳೇ ಹೇಳಬೇಕಿತ್ತು. ಕೊಟ್ರಪ್ಪ ದಿನಾ ಬೆಳಿಗ್ಗೆ ಬೇರು ಕತ್ತರಿಸಿ, ಬಣ್ಣ ಹಾಕಿ, ದೀಪದ ಮೇಲೆ ಬಿಸಿ ಮಾಡಿ, ಹೆಬ್ಬೆರಳಿನಿಂದ ಹದವಾಗಿ ಒತ್ತಿ ಸ್ಲೈಡು ಮಾಡುತ್ತಿದ್ದ. ರಾಯರು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ಎರಡರಲ್ಲೂ ಇಪ್ಪತ್ತು. ಒಂದೇ ಜಾತಿ ಎಂದು ಬರೆದು ಮುಗಿಸಿದರು.

“ಸರ್, ಎಣಿಕಿ ಒಂದ ಐತ್ರಿ. ಆಕಾರ ಬ್ಯಾರೆ,” ಎಂದ ಕೊಟ್ರಪ್ಪ. “ಡಂಬಳದ್ದರಾಗ ಉದ್ದನ್ನ ಜೋಡಿಗೆ ಸೊಂಟದಂಗ ಸಣ್ಣಾಗಿದ್ದ ಜಾಗಾ ಮಧ್ಯದಾಗ ಐತಿ. ಗುಡ್ಡದ್ದರಾಗ ತುದಿಗೆ ಸರದೈತಿ. ನಲವತ್ತು ಸ್ಲೈಡ್ ನೋಡೀನ್ರಿ.”

“ನೀ ಯಾವಾಗ ನೋಡಿದಿ?”

“ನೀವು ಊಟಕ್ಕ ಹೋದಾಗ್ರಿ.”

ರಾಯರಿಗೆ ಸಿಟ್ಟು ಬಂತು. ಆದರೂ ಒಂದು ವಾರ ಕಣ್ಣು ನೋಯುವವರೆಗೆ ನೋಡಿದರು. ಅವನು ಹೇಳಿದ್ದೇ ನಿಜವಾಗಿತ್ತು. ಎರಡು ಜಾತಿ ಎಂದು ಲೇಖನ ಅಚ್ಚಾಯಿತು. ಕೊನೆಯಲ್ಲಿ ಪ್ರಿನ್ಸಿಪಾಲರಿಗೂ ಫೋಟೋ ತೆಗೆದವರಿಗೂ ಕೃತಜ್ಞತೆ ಇತ್ತು. ರಾಯರ ಸನ್ಮಾನಕ್ಕೆ ಕುರ್ಚಿ ಹಾಕಿದವನು ಕೊಟ್ರಪ್ಪ. ಅಚ್ಚಾದ ವರ್ಣತಂತುಗಳ ಚಿತ್ರವನ್ನು ಬಹಳ ಹೊತ್ತು ನೋಡಿ, “ಚೊಲೋ ಮೂಡ್ಯಾವ್ರಿ,” ಎಂದು ಕೆಲಸಕ್ಕೆ ಹೋಗಿದ್ದ.

* * *

“ಖರೆ,” ಎಂದರು ರಾಯರು. ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ ಹೇಳಿದರು. “ಖರೆ ಅದ. ನಾ ತಪ್ಪು ಬರದಿದ್ದೆ. ಹಿಡದಾಂವ ಕೊಟ್ರಪ್ಪ. ಹೆಸರು ಮಾತ್ರ ನಂದೊಂದ ಹಾಕ್ಕೊಂಡೆ.”

ಸಕ್ರಪ್ಪ ನೆಲ ನೋಡಿದ. ಸಾವಿತ್ರೆವ್ವ ಸೆರಗು ಸರಿಮಾಡಿಕೊಂಡಳು.

“ಸರ್ ಒಂದಿನ ತಾವ ಹೇಳ್ತಾರ ಅಂತಿದ್ರು,” ಎಂದಳು. “ಹಾದಿ ನೋಡಿದ್ರು.”

ಮತ್ತೆ ರಾಯರ ಮುಖ ನೋಡಲಿಲ್ಲ.

ಕೊಟ್ರಪ್ಪನನ್ನು ಕೂರಿಸಿದ ಬೊಂಬಿನ ವಿಮಾನ ಎತ್ತುವಾಗ ರಾಯರು ಹೆಗಲು ಕೊಟ್ಟರು. ಅವರು ಗಿಡ್ಡ. “ಸ್ವಲ್ಪ ಮ್ಯಾಲ ಹಿಡೀರಿ ಸರ್, ಅಣ್ಣ ವಾಲಾಕತ್ತಾನ,” ಎಂದ ಹುಚ್ಚೀರಪ್ಪ. ರಾಯರು ಎರಡೂ ಕೈಯಿಂದ ಬೊಂಬನ್ನು ತಲೆಯ ಮಟ್ಟಕ್ಕೆ ಎತ್ತಿದರು. ನೇಕಾರರ ಓಣಿಯಲ್ಲಿ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಹೊಸ್ತಿಲಿಗೆ ಬಂದ ನೇಕಾರರು, ಬೆರಳಿಗೆ ಸುತ್ತಿದ ನೂಲು ಬಿಚ್ಚದೆ, ಬದಿಗೆ ನಿಂತು ದಾರಿ ಕೊಟ್ಟರು.